ಈ ಸಲದ ಉತ್ತರ

ರಕ್ತಪರೀಕ್ಷೆಯ ವರದಿಗಾಗಿ ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ಬಟ್ಟೆ ಹೊಲಿಯುವಾಕೆಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬರು ನಿವೃತ್ತ ಬಸ್ ಡ್ರೈವರ್, ಇನ್ನೊಬ್ಬಳು ನರ್ಸ್.

“ಡ್ರೈವರ್ ಸಾಹೇಬ್ರೇ, ಇನ್ಮೇಲೆ ಈ ಹೃದಯದ ಅಧ್ಯಯನಕ್ಕೆ ಅಂತ ನೀವು ವರ್ಷ ವರ್ಷ ಇಷ್ಟು ದೂರ ಬರೋದೇ ಬೇಡ. ನಿಮ್ಮ ದಾಖಲೆಯೆಲ್ಲ ಕಂಪ್ಯೂಟರಿನಲ್ಲೇ ಇದೆ. ಹೃದಯದ ಕಾಯಿಲೆ ಯಾರಿಗೆ ಬರುತ್ತೆ, ಯಾಕೆ ಬರುತ್ತೆ ಅಂತ ಅದರಿಂದಲೇ ನೋಡ್ತಾರಂತೆ.”

“ನನ್ನ ಹೆಸರು ಹಾಕ್ತಾರಾ?”

“ಇಲ್ಲ, ತೆಗೆದುಬಿಡ್ತಾರೆ. ವಯಸ್ಸು, ಬಿಪಿ, ಸಕ್ಕರೆ, ಅಷ್ಟೇ.”

“ಆಗಲಿ, ನಾಲ್ಕು ಜನಕ್ಕೆ ಉಪಯೋಗವಾದ್ರೆ ಒಳ್ಳೇದೇ. ಮತ್ತೆ ನೀನು ಕೇಳ್ತಿದ್ದ ಪ್ರಶ್ನೆಗಳು?”

“ಯಾವುದು?”

“ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನಸ್ಸಿಗೆ ಬೇಜಾರಿದೆಯಾ ಅಂತ.”

“ಅವೂ ಬೇಡವಂತೆ.”

ಡ್ರೈವರ್ ಮೊಣಕಾಲು ಸವರಿಕೊಳ್ಳುತ್ತ ಕೂತರು. ಬಟ್ಟೆ ಹೊಲಿಯುವಾಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಹೆಂಡತಿ ತೀರಿಕೊಂಡ ವರ್ಷ ನೀನು ಕೇಳಿದ್ದೆ. ಬೇಜಾರೇನೂ ಇಲ್ಲ ಅಂದುಬಿಟ್ಟೆ. ಆಮೇಲೂ ಪ್ರತಿ ಸಲ ಅದನ್ನೇ ಅಂದೆ.”

“ಹೂಂ, ನೆನಪಿದೆ.”

“ಸುಳ್ಳು, ತಾಯಿ. ಈ ಸಲ ನಿಜ ಹೇಳಿಬಿಡೋಣ ಅಂತ ದಾರಿಯುದ್ದಕ್ಕೂ ಧೈರ್ಯ ಮಾಡ್ಕೊಂಡು ಬಂದೆ. ಬೇರೆ ಯಾರೂ ಕೇಳೋರಿಲ್ಲ ನೋಡು.”

ನರ್ಸ್ ಎದ್ದು ನಿಂತಳು.

“ಒಳಗೆ ಬನ್ನಿ. ಕಂಪ್ಯೂಟರಿಗೆ ಬೇಡದಿದ್ರೆ ನನಗೆ ಹೇಳಿ.”

“ಸ್ವಲ್ಪ ಹೊತ್ತು ಹಿಡಿಯುತ್ತೆ.”

“ಹಿಡೀಲಿ ಬಿಡಿ.”

ಅವರು ಅವಳ ಹಿಂದೆಯೇ ನಿಧಾನವಾಗಿ ನಡೆದು ಹೋದರು. ಬಾಗಿಲು ಮುಚ್ಚಿಕೊಂಡಿತು. ಉದ್ದನೆಯ ಬೆಂಚಿನಲ್ಲಿ ಬಟ್ಟೆ ಹೊಲಿಯುವಾಕೆ ಒಬ್ಬಳೇ ಉಳಿದಳು.