ಹೆಸರು ಕೂಗದ ಗ್ರಂಥಾಲಯ

ಆ ಸಂಜೆ ಹಿಡಿದ ಮಳೆ ಬಿಡಲೇ ಇಲ್ಲ. ಕರೆಂಟೂ ಹೋಯಿತು. ಗ್ರಂಥಾಲಯದ ಓದುವ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡ ನಾಲ್ಕೈದು ಮಂದಿ ಮೇಣದಬತ್ತಿಯ ಸುತ್ತ ಕುರ್ಚಿ ಎಳೆದುಕೊಂಡು ಕೂತೆವು. ನನ್ನ ಮಡಿಲಲ್ಲಿ ಎಳೆಯ ಮಗಳು ನಿದ್ದೆ ಹೋಗಿದ್ದಳು. ಹೊಸದಾಗಿ ಸೇರಿದ ಗುಮಾಸ್ತನಿಗೆ ಬಂದ ದಿನದಿಂದಲೂ ಒಂದು ಅನುಮಾನ. ಕೇಳಿದ ಪುಸ್ತಕ ಸಿಕ್ಕಿತೆಂದು ಇಲ್ಲಿ ಓದುಗರನ್ನು ಹೆಸರು ಹಿಡಿದು ಕೂಗುವಂತಿಲ್ಲ. ಅವರಿದ್ದಲ್ಲಿಗೇ ನಡೆದು ಹೋಗಿ ಮೇಜು ತಟ್ಟಬೇಕು. ಯಾಕೆ? ಅವನು ಕೇಳಿದ್ದು ನಿವೃತ್ತರಾದ ಮೇಲೂ ದಿನಾ ಬಂದು ಕೂರುವ ಹಳೆಯ ಗ್ರಂಥಪಾಲಕಿಯನ್ನು. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತೇವೆ.

“ನಡೆದು ನಡೆದು ಕಾಲು ನೋಯ್ತು ಅಂತ ಕೇಳ್ತಿದ್ದೀಯ, ಗೊತ್ತು ನಂಗೆ,” ಎಂದು ಅವರು ನಕ್ಕರು. “ಕೇಳು... ಇದು ಮುಂಚೆ ಕೋರ್ಟು ಕಣಪ್ಪಾ. ನೀನು ಆಕಳಿಸ್ತಾ ಕೂರೋ ಕೌಂಟರ್ ಇದೆಯಲ್ಲ, ಅಲ್ಲೇ ಜಡ್ಜು ಕೂರ್ತಿದ್ದಿದ್ದು. ನಿಘಂಟು ಜೋಡಿಸಿರೋ ಗೋಡೆ ಹತ್ರ ಕಟಕಟೆ. ಆ ದೊಡ್ಡ ಬಾಗಿಲಲ್ಲಿ ಜವಾನ ನಿಂತ್ಕೊಂಡು ಕೇಸಿನವರ ಹೆಸರನ್ನ ಮೂರು ಸಲ ಕೂಗ್ತಿದ್ದ, ಓಗೊಟ್ಟು ಬಂದ್ರೆ ಸರಿ, ಬರ್ಲಿಲ್ಲ ಅಂದ್ರೆ ಇದ್ದವರ ಮಾತು ಕೇಳಿ ತೀರ್ಪು. ನಮ್ಮಪ್ಪ ಆಗ ಇಲ್ಲೇ ಟೈಪಿಸ್ಟು, ಅವರು ಹೇಳಿದ್ದು ಇದು.

“ಒಬ್ಬಳು ಹುಡುಗಿ... ಗಂಡ ತೀರಿಕೊಂಡಿದ್ದ, ತೋಳಲ್ಲಿ ಹಾಲು ಕುಡಿಯೋ ಕೂಸು. ಕೂಸು ನಮ್ಮ ಮನೇದು, ನಮಗೇ ಕೊಡ್ಸಿ ಅಂತ ಗಂಡನ ಅಣ್ಣ ಕೇಸು ಹಾಕಿದ್ದ. ಅವಳು ಬೆಳಗ್ಗೆಯಿಂದ ಬೆಂಚಲ್ಲಿ ಕಾದಿದ್ದಾಳೆ, ಎದ್ದು ನೀರು ಕೂಡ ಕುಡಿದಿಲ್ಲ. ಮಧ್ಯಾಹ್ನ ಕೂಸು ರಚ್ಚೆ ಹಿಡೀತು. ಜಡ್ಜು ಮುಖ ಗಂಟು ಹಾಕ್ಕೊಂಡ್ರು. ‘ಅಮ್ಮಾ, ಹಿಂದಿನ ಅಂಗಳಕ್ಕೆ ಹೋಗಿ ಹಾಲು ಕುಡಿಸ್ಕೊಂಡು ಬಾ, ನಿನ್ನ ಸರದಿ ಬರೋಕೆ ಇನ್ನೂ ಹೊತ್ತಿದೆ’ ಅಂದ ಜವಾನ. ಕೆಟ್ಟವನೇನಲ್ಲ, ಒಳ್ಳೇದಕ್ಕೇ ಅಂದಿದ್ದು. ಅಷ್ಟರಲ್ಲಿ ಇವಳಿಗಿಂತ ಮುಂಚಿನ ಕೇಸಿನವರು ರಾಜಿಯಾಗಿ ಎದ್ದು ಹೋದ್ರು, ಸರದಿ ಇವಳದ್ದೇ ಆಯ್ತು. ಜವಾನ ಕೂಗಿದ... ಕೂಗಿದ... ಬಾಗಿಲು ಬಿಟ್ಟು ಕದಲೋ ಹಾಗಿಲ್ಲ ಅವನು. ಹಿಂದೆ ತಗಡಿನ ಮಾಡು, ಇಂಥದ್ದೇ ಮಳೆ, ಏನು ಕೇಳಿಸುತ್ತೆ ಹೇಳಿ? ಕೂಸನ್ನ ಮಲಗಿಸ್ಕೊಂಡು, ಸದ್ದಾಗದ ಹಾಗೆ ಹೆಜ್ಜೆ ಇಟ್ಕೊಂಡು ಅವಳು ಒಳಗೆ ಬಂದಾಗ ತೀರ್ಪು ಮುಗಿದೇ ಹೋಗಿತ್ತು. ನಿದ್ದೆಯಲ್ಲಿದ್ದ ಕೂಸನ್ನ ಇಲ್ಲೇ ಅವಳ ತೋಳಿಂದ ಬಿಡಿಸ್ಕೊಂಡ್ರು. ಆ ಮಳೆಗಾಲ ಕಳೆಯೋದ್ರೊಳಗೆ ಅವಳೂ ತೀರಿಕೊಂಡ್ಲು.

“ಕೋರ್ಟು ಬೇರೆ ಕಡೆ ಹೋಯ್ತು, ಪುಸ್ತಕ ಬಂದ್ವು. ನಾನು ಸೇರಿದ ಹೊಸದ್ರಲ್ಲಿ ಕೌಂಟರಿನಿಂದ ಯಾರದ್ದೋ ಹೆಸರು ಕೂಗಿದ್ರು... ಹಿಂದಿನ ಅಂಗಳದಿಂದ ಒಂದು ಧ್ವನಿ, ‘ಬಂದೆ ಸ್ವಾಮೀ, ಬಂದೆ!’ ಓಡಿ ಬರೋ ಒದ್ದೆ ಕಾಲಿನ ಸಪ್ಪಳ ಕೌಂಟರ್ ಮುಂದೆ ನಿಂತ್ಹೋಯ್ತು. ಆಮೇಲೆ ಸಣ್ಣಗೆ ಅಳು. ಯಾವ ಹೆಸರು ಕೂಗಿದ್ರೂ ಬರ್ತಾಳೆ ಕಣೋ, ಇನ್ನೊಂದ್ಸಲ ತಪ್ಪಬಾರದು ಅಂತ. ನಾವು ಕೂಗದೆ ಇರೋದು ಹೆದರಿಕೆಗಲ್ಲ. ಅಷ್ಟು ಆಸೆಯಿಂದ ಓಡಿ ಬಂದವಳಿಗೆ ನಾವೇನು ಕೊಡೋಕಾಗುತ್ತೆ? ಅವತ್ತು ಯಾರಾದ್ರೂ ನಾಲ್ಕು ಹೆಜ್ಜೆ ನಡೆದು ಹೋಗಿ ಕರೆದಿದ್ರೆ ಸಾಕಿತ್ತು. ಅದಕ್ಕೇ ನಾವು ನಡೀತೀವಿ.”

ಗುಮಾಸ್ತ ತಲೆ ತಗ್ಗಿಸಿದ. ನನಗೆ ತಡೆಯಲಾರದಷ್ಟು ದುಃಖವಾಯಿತು. ಕಣ್ಣು ಒರೆಸಿಕೊಳ್ಳುತ್ತಾ, “ಪಾಪ, ದೊಡ್ಡಮ್ಮ... ಯಾರಾದ್ರೂ ಒಂದ್ಸಲ ಅವಳನ್ನ ಕರೆದು, ಮಗು ನಿಂದೇ, ತಗೊಂಡು...” ಎಂದೆ.

ದೊಡ್ಡಮ್ಮ ಥಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು.

“ಅನ್ಬೇಡ. ಆ ಮಾತನ್ನ ಈ ಕೋಣೇಲಿ ಅನ್ಬೇಡ. ಇಷ್ಟು ವರ್ಷ ಅವಳು ಕಾದಿರೋದೇ ಅದೊಂದು ಮಾತಿಗೆ... ಯಾರ ಬಾಯಿಂದ ಬಂದ್ರೂ ಅವಳಿಗೆ ಅದು ತೀರ್ಪೇ. ಅವಳ ಪಾಲಿಗೆ ಅವಳ ಕೂಸು ಇನ್ನೂ ಬೆಳೆದಿಲ್ಲ ಕಣಮ್ಮಾ, ಇವತ್ತಿಗೂ ಹಾಲು ಕುಡಿಯೋ ಕೂಸೇ. ಈಗ ಈ ಕೋಣೇಲಿರೋದು ಒಂದೇ ಕೂಸು... ಗಟ್ಟಿಯಾಗಿ ಹಿಡ್ಕೋ. ಆಗಲೇ ಎಚ್ಚರ ಆಗಿದೆ ನಿನ್ನ ಮಗೂಗೆ. ಯಾರನ್ನ ನೋಡಿ ಕೈ ಚಾಚ್ತಿದೆ?”