ಗುರುತು ತೋರಿಸದೆ ಒಳಗೆ ಬಿಡುವುದಿಲ್ಲ

ಆಸ್ಪತ್ರೆಯ ಮೂರನೇ ವಾರ್ಡಿನ ಹಿರಿಯ ನರ್ಸ್ ಲಿಫ್ಟಿಗೆ ಕಾಯುತ್ತಿದ್ದಳು. ಬೆಳಗಿನಿಂದ ಲ್ಯಾಬ್ ರಿಪೋರ್ಟ್ ಒಂದೂ ಬಾರದೆ ತಲೆ ಕೆಟ್ಟಿತ್ತು. ಹಿಂದೆ ನಿಂತ ಕಂಪ್ಯೂಟರ್ ವಿಭಾಗದವರಿಬ್ಬರ ಮಾತು ಕಿವಿಗೆ ಬಿತ್ತು.

“ನಮ್ಮ ಸಿಸ್ಟಮ್ಮಿನ ಗುರುತಿನ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಕ್ಕಾ. ಲ್ಯಾಬಿನ ಸರ್ವರ್ ಒಳಗೇ ಬಿಡ್ತಿಲ್ಲ.”

“ಹೊಸದು ಹಾಕು.”

“ಹೊಸದು ಮಾಡಿದೆ, ಆದ್ರೆ ಅದರ ಜೊತೆ ಗುಟ್ಟಿನ ಕೀನೂ ಮೇಲ್‌ ಮಾಡ್ಬಿಟ್ಟೆ.”

“ಯಾರಿಗೆ?”

“ಎಲ್ಲರಿಗೂ.”

“ಸರಿಹೋಯ್ತು! ಇನ್ನು ಯಾರು ಬೇಕಾದ್ರೂ ನಾವೇ ಅಂತ ಹೇಳಿ ರೋಗಿಗಳ ರಿಪೋರ್ಟ್ ನೋಡ್ಬಹುದು. ರದ್ದು ಮಾಡು. ಹೊಸ ಕೀಯಿಂದ ಮತ್ತೆ ಶುರು.”

“ಒಂದು ಗಂಟೆ ಹಿಡಿಯುತ್ತೆ. ಇವತ್ತೊಂದಿನ ಗುರುತು ಕೇಳೋದನ್ನೇ ನಿಲ್ಲಿಸಿದ್ರೆ?”

“ಸುತರಾಂ ಆಗಲ್ಲ. ಅಲ್ಲೀವರೆಗೆ ರಿಪೋರ್ಟ್ ನಾವೇ ಹೊತ್ತು ಹಂಚೋಣ.”

“ಮೂರನೇ ವಾರ್ಡಿಗೆ ನೀವೇ ಹೋಗಿ ಅಕ್ಕಾ. ಅಲ್ಲಿನ ನರ್ಸ್ ನನ್ನನ್ನ ಹಸಿಹಸಿ ತಿಂದ್ಬಿಡ್ತಾರೆ.”

ಇಬ್ಬರೂ ಲಿಫ್ಟ್ ಬಿಟ್ಟು ಮೆಟ್ಟಿಲಿನತ್ತ ತಿರುಗಿದರು. ಬೈಯಲು ಬಾಯಿ ತೆರೆದಿದ್ದ ನರ್ಸ್, ಎದೆಯ ಮೇಲಿನ ಗುರುತಿನ ಚೀಟಿಯನ್ನು ಮೆಲ್ಲಗೆ ಅಂಗೈಯಿಂದ ಮುಚ್ಚಿಕೊಂಡಳು.