ಹಗ್ಗದ ಸಿಂಬಿ

ಬನ್ನಿ, ಹತ್ರ ಬನ್ನಿ. ಬಾಗಿಲಲ್ಲಿ ಕೂತೋರು ಒಳಗೆ ಸರೀರಿ. ನಾನು ಹೇಳ್ತೀನಿ, ನೀವು ಹೂಂ ಅನ್ನಿ. ಹೂಂ ನಿಂತ್ರೆ ನನ್ನ ಕತೆ ಅಲ್ಲೇ ಕಾಲು ಮುರ್ಕೊಂಡು ಬೀಳ್ತದೆ, ಆಮೇಲೆ ನನ್ನ ಬೈಬೇಡಿ!

ಯಾವ ರಾಜ್ಯವೋ, ಯಾವ ಕಾಲವೋ, ನನ್ನಜ್ಜಿಗೂ ಗೊತ್ತಿರಲಿಲ್ಲ. ಅಲ್ಲೊಂದು ಹೊಳೆ, ಹೊಳೆ ಪಕ್ಕ ಒಂದು ಗುಡ್ಡ, ಗುಡ್ಡದ ನೆತ್ತಿ ಮೇಲೆ ಗುಡ್ಡದವ್ವ ಅನ್ನೋ ದೇವಿ. ವರ್ಷಕ್ಕೊಂದು ದಿನ ಹರಕೆ ಹೊತ್ತೋರು ಹೊಳೇಲಿ ಮಿಂದು, ಕೊಡ ತುಂಬಿಸಿ, ಆರು ಮೊಳದ ಬಟ್ಟೆ ಸುತ್ತಿ ಸಿಂಬಿ ಮಾಡಿ, ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಕೊಡ ಇಟ್ಕೊಂಡು ಗುಡ್ಡ ಹತ್ತಬೇಕು. ಕೊಡ ನೆಲ ಮುಟ್ಟಬಾರದು. ಬಾಯಿ ಮಾತಾಡಬಾರದು. ದಾರೀಲಿ ಕೂರಬಾರದು. ಮೂರಕ್ಕೆ ಮೂರೂ ನಡೆಸಿ ಅವ್ವನ ತಲೆ ಮೇಲೆ ನೀರು ಸುರಿದ್ರೆ ಬೇಡಿದ್ದು ಕೈಗೆ ಬಂದ ಹಾಗೆ! ಆದ್ರೆ ಒಬ್ಬೊಬ್ರಿಗೆ ಜನ್ಮಕ್ಕೆ ಮೂರೇ ಕೊಡ. ನಾಲ್ಕನೇದು ಇಲ್ಲವೇ ಇಲ್ಲ.

ಆ ಊರಲ್ಲಿ ಪುಟ್ಟೀರಮ್ಮ ಅಂತ ಒಬ್ಬಳು. ಅವಳ ಗಂಡ ಸಿರಿಯಣ್ಣ ಕಂಬಳಿ ಮಾರೋಕೆ ಅಂತ ದೂರದ ಸೀಮೆಗೆ ಹೋದೋನು ವಾಪಸ್ ಬರಲಿಲ್ಲ. ಒಂದು ವರ್ಷ ಆಯ್ತು, ಎರಡು ವರ್ಷ ಆಯ್ತು, ಮೂರು ವರ್ಷ ಆಯ್ತು. "ಇನ್ನೆಲ್ಲಿ ಬರ್ತಾನೆ, ಕುಂಕುಮ ಅಳಿಸ್ಕೋ" ಅಂತ ಊರು ಅಂತು. ಇವಳು ಕೇಳಲಿಲ್ಲ. ಮೊದಲ ವರ್ಷ ಕೊಡ ಹೊತ್ತಳು, ಕಾಲು ಜಾರಿ ಕೊಡ ಒಡೀತು. ಎರಡನೇ ವರ್ಷ ಹೊತ್ತಳು, ಕಣಜ ಕಚ್ಚಿ "ಅಯ್ಯಪ್ಪೋ" ಅಂದುಬಿಟ್ಲು. ಈಗ ಮೂರನೇದು. ಇದೂ ಹೋದ್ರೆ? ಹೂಂ ಅನ್ನಿ, ಇದೂ ಹೋದ್ರೆ ಅವಳಿಗೆ ಏನು ಉಳೀತು?

ಹೊತ್ತು ಮೇಲೇರಿತ್ತು. ಪುಟ್ಟೀರಮ್ಮ ಒಬ್ಬಳೇ ಅರ್ಧ ಗುಡ್ಡ ಹತ್ತಿದ್ಲು. ಒಂದು ಗುಂಪು ಮುಂದೆ ಹೋಗಿತ್ತು, ಇನ್ನೊಂದು ಹಿಂದೆ ಬರ್ತಿತ್ತು. ದಾರಿ ಪಕ್ಕದ ಪೊದೆಯೊಳಗಿಂದ ಒಂದು ಕೂಗು!

"ಯಾರಾದ್ರೂ ಇದ್ದೀರಾ? ಪಾಳುಬಾವೀಲಿ ಬಿದ್ದಿದ್ದೀನಿ!"

ಪುಟ್ಟೀರಮ್ಮ ಪೊದೆ ಕಡೆ ನೋಡಿದ್ಲು. ಆದ್ರೂ ಒಂದು ಹೆಜ್ಜೆ ಮುಂದಿಟ್ಲು.

"ನೀರು... ಒಂದು ಗುಟುಕು ನೀರು!"

ಇನ್ನೊಂದು ಹೆಜ್ಜೆ ಇಟ್ಲು. ಮೂರನೇ ಸಲ ಕೂಗೇ ಇಲ್ಲ. ಬರೀ ಬಳೆ ಸದ್ದು, ಕಿಣಿಕಿಣಿ ಅಂತ. ಇನ್ನೂ ಒಂದು ಹೆಜ್ಜೆ ಇಟ್ಟೋಳು ಅಲ್ಲೇ ನಿಂತಳು. ಅವಳ ತಲೇಲಿ ಏನು ಬಂತು ಗೊತ್ತಾ? ಓಹೋ, ಇದು ಗುಡ್ಡದವ್ವನೇ ಇರಬೇಕು, ನನ್ನ ಪರೀಕ್ಷೆ ಮಾಡ್ತಿದ್ದಾಳೆ! ತಲೆ ಮೇಲಿನ ಕೊಡಾನ ಕೈಲಿ ಹಿಡ್ಕೊಂಡೇ ಬಾವಿ ಹತ್ರ ಹೋಗಿ ಬಗ್ಗಿದ್ಲು. ತಡೆಯೋಕಾಗಲಿಲ್ಲ, ಕೇಳೇಬಿಟ್ಲು.

"ನೀನು ದೇವ್ರಾ?"

"ದೇವ್ರಾಗಿದ್ರೆ ಗುಂಡಿಗ್ಯಾಕೆ ಬೀಳ್ತಿದ್ದೆ ತಾಯಿ? ಬಳೆಗಾರ ನಾನು. ಬೆಳಿಗ್ಗೆಯಿಂದ ಕೂಗ್ತಿದ್ದೀನಿ. ಕಾಲು ಮುರಿದೈತೆ."

ನೋಡಿ ಪಾಪ! ಮಾತಾಡಿದ್ದಕ್ಕೆ ಹರಕೆ ಹೋಯ್ತು. ಹೋಗಲಿ ಅಂದ್ರೆ ಒಳಗಿರೋದು ದೇವರೂ ಅಲ್ಲ! ದೇವರಾಗಿದ್ರೆ ಎತ್ತೋದು ಸುಲಭ, ಎತ್ತಿದ ಕೂಡಲೇ ವರ ಸಿಗ್ತದೆ. ಬಳೆಗಾರನ್ನ ಎತ್ತಿದ್ರೆ ಏನು ಸಿಗ್ತದೆ? ಪುಟ್ಟೀರಮ್ಮನಿಗೆ ಅಳು ಉಕ್ಕಿ ಬಂತು. ಅಳ್ತಾ ಅಳ್ತಾನೇ ಅವಳಿಗೆ ಗಂಡ ನೆನಪಾದ. ಯಾವ ಸೀಮೆಯ ಯಾವ ಗುಂಡೀಲಿ ಅವನು ಹೀಗೇ ಕೂಗ್ತಿದ್ದಾನೋ, ಅಲ್ಲಿ ಕೊಡ ಹೊತ್ತ ಯಾವ ಪುಟ್ಟೀರಮ್ಮ ಹೆಜ್ಜೆ ಮುಂದಿಡ್ತಿದ್ದಾಳೋ!

ಕೊಡ ಇಳಿಸಿ ದೊಪ್ಪಂತ ನೆಲಕ್ಕಿಟ್ಲು! ಸಿಂಬಿ ಬಿಚ್ಚಿ ಬಾವಿಗೆ ಬಿಟ್ಲು. ಆರು ಮೊಳ ಬಟ್ಟೆ, ಹದಿನೆಂಟು ಮೊಳ ಬಾವಿ. ಎಟುಕುತ್ತಾ? ಗಂಟಲು ಹರಿಯೋ ಹಾಗೆ ಕೂಗಿದ್ಲು.

"ಯಾರಾದ್ರೂ ಬರ್ರೋ! ಜೀವ ಹೋಗ್ತೈತೆ!"

ಬಂದೋನು ಆಡು ಮೇಯಿಸೋ ಕಾಟಯ್ಯ. ದೇವರಿಲ್ಲ ದಿಂಡರಿಲ್ಲ ಅನ್ನೋ ಆಸಾಮಿ. ಗುಡ್ಡದಲ್ಲೇ ಇರ್ತಾನೆ, ಗುಡಿ ಕಡೆ ತಲೆ ಹಾಕೋನಲ್ಲ.

"ಇವನಿನ್ನೂ ಒಳಗೇ ಇದ್ದಾನಾ?" ಅಂದ.

"ನಿಂಗೆ ಕೂಗು ಕೇಳಿತ್ತಾ ಮಾವ?"

"ಬೆಳಿಗ್ಗೇನೇ ಕೇಳ್ತು. ನಲವತ್ತು ಜನ ಭಕ್ತರು ಈ ದಾರೀಲೇ ಹೋದ್ರಲ್ಲ, ಎತ್ತಿರ್ತಾರೆ ಬಿಡು ಅಂದ್ಕೊಂಡೆ."

"ಅಯ್ಯೋ ನಿನ್ನ! ಕಾಟಯ್ಯನ ಬಾಯಿಗೆ ಹರಕೆ ಇಲ್ಲ, ತಲೆ ಮೇಲೆ ಕೊಡ ಇಲ್ಲ, ಅವನೇ ಎತ್ತಿರ್ತಾನೆ ಅಂತ ಅವರು ಅಂದ್ಕೊಂಡಿರ್ತಾರೆ!"

ಕಾಟಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು ಅವಳ ಸಿಂಬಿಗೆ ಗಂಟು ಹಾಕಿದ. ಇನ್ನೂ ಸಾಲದು!

ಅಷ್ಟರಲ್ಲಿ ಹಿಂದಿನ ಗುಂಪು ಬಂತು. ಮುಂದೆ ಗೌಡ್ತಿ ಹಾಲಮ್ಮ, ದಿನಕ್ಕೆ ಮೂರು ಹೊತ್ತು ಪೂಜೆ ಮಾಡೋಳು. ಕೂಗು ಕೇಳಿ ಕಣ್ಣು ಮುಚ್ಕೊಂಡು ಮುಂದೆ ಹೊರಟೇಬಿಟ್ಲು. ಪುಟ್ಟೀರಮ್ಮ ಅಡ್ಡ ನಿಂತಳು.

"ಹಾಲಮ್ಮಕ್ಕ, ಕೊಡ ಇಳಿಸು ಅನ್ನಲ್ಲ. ಮಾತಾಡು ಅನ್ನಲ್ಲ. ಕೊಡ ತಬ್ಕೋ, ಸಿಂಬಿ ಕೊಡು!"

ಹಾಲಮ್ಮ ಆಕಾಶ ನೋಡಿದ್ಲು. ಬಾವಿ ನೋಡಿದ್ಲು. ನೆಲದ ಮೇಲಿದ್ದ ಪುಟ್ಟೀರಮ್ಮನ ಕೊಡ ನೋಡಿದ್ಲು. ಅದು ಮೂರನೇ ಕೊಡ ಅಂತ ಇಡೀ ಊರಿಗೆ ಗೊತ್ತು. ಹಾಲಮ್ಮನ ಕಣ್ಣಲ್ಲಿ ನೀರು ಬಂತು. ಕೊಡಾನ ಎದೆಗೆ ತಬ್ಕೊಂಡು ಸಿಂಬಿ ಎಳೆದುಕೊಟ್ಲು! ಅವಳು ಕೊಟ್ಟಿದ್ದೇ ತಡ, ಎಲ್ಲಾರೂ ಕೊಟ್ರು. ಅರ್ಧ ಜನ ಎರಡೆರಡು ಕೊಡ ತಬ್ಕೊಂಡು ನಿಂತ್ರು, ಇನ್ನರ್ಧ ಜನ ಬಟ್ಟೆ ಹಗ್ಗಕ್ಕೆ ಕೈ ಹಾಕಿದ್ರು. ಯಾರ ಬಾಯಲ್ಲೂ ಮಾತಿಲ್ಲ, ಊಂ, ಊಂ, ಊಂ ಅಂತ ಮೂಗಲ್ಲೇ ಸದ್ದು! ಮಾತಾಡದೆ ಮನುಷ್ಯನ್ನ ಎಳೆಯೋದು ಎಷ್ಟು ಕಷ್ಟ ಅಂತೀರಿ? ಎಳೆದ್ರು, ಎಳೆದ್ರು, ಎಳೆದ್ರು. ಬಂದೇಬಿಟ್ಟ ಬಳೆಗಾರ ಮೇಲಕ್ಕೆ!

ಪುಟ್ಟೀರಮ್ಮ ಅವನ ಬಾಯಿಗೆ ಕೊಡ ಬಗ್ಗಿಸಿದ್ಲು. ಅವ್ವನಿಗೆ ಅಂತ ತಂದ ನೀರು ಗಟಗಟ ಅಂತ ಬಳೆಗಾರನ ಗಂಟಲಿಗೆ ಇಳೀತು. ಮಿಕ್ಕೋರು ಸಿಂಬಿ ಸುತ್ಕೊಂಡು ಗುಡ್ಡ ಹತ್ತಿದ್ರು. ಇವಳು ಖಾಲಿ ಕೊಡದ ಜೊತೆ ಕೂತುಬಿಟ್ಲು.

ಬಳೆಗಾರನ ಹೆಗಲಲ್ಲಿದ್ದ ಬಳೆ ಮಲಾರದಲ್ಲಿ ಬಳೆಯೆಲ್ಲ ಚೂರು ಚೂರು, ಮೂರೇ ಹಸಿರು ಬಳೆ ಉಳಿದಿದ್ವು. "ಕೈ ನೀಡು ತಾಯಿ" ಅಂದ.

"ತೊಡಬಹುದೋ ಬಾರದೋ ಗೊತ್ತಿಲ್ಲಣ್ಣ. ಅವರು ಇದ್ದಾರೋ ಇಲ್ಲವೋ."

"ಇಲ್ಲ ಅನ್ನೋ ಸುದ್ದಿ ಬಂದೈತಾ? ಇಲ್ಲ ತಾನೇ? ನೀಡು" ಅಂತ ತೊಡಿಸೇಬಿಟ್ಟ. ಕಾಟಯ್ಯ ಅವನನ್ನ ತನ್ನ ಗುಡಿಸಲಿಗೆ ಹೊತ್ಕೊಂಡು ಹೋಗಿ, ಕಾಲು ಕೂಡೋವರೆಗೂ ಆಡಿನ ಹಾಲು ಕುಡಿಸಿ ಕಳಿಸಿದ.

ಆರು ತಿಂಗಳು ಕಳೀತು. ಒಂದು ದಿನ ಪುಟ್ಟೀರಮ್ಮ ಅಂಗಳದಲ್ಲಿ ರಾಗಿ ಕೇರ್ತಾ ಇದ್ದಾಳೆ, ಗಡ್ಡ ಬಿಟ್ಟ ಬಡಕಲು ಮನುಷ್ಯ ಒಬ್ಬ ಬಂದು ನಿಂತ. ಯಾರು? ಹೇಳಿ ನೋಡೋಣ, ಯಾರು? ಹೂಂ! ಸಿರಿಯಣ್ಣನೇ!

ಮೊರ ಬಿಸಾಕಿ ಓಡಿ ಬಂದ್ಲು. ಊರಿಗೆ ಊರೇ ನೆರೀತು. ಸಿರಿಯಣ್ಣ ಹೇಳಿದ: "ಕಂಬಳಿಯೆಲ್ಲ ಕಳ್ಳರ ಪಾಲಾಯ್ತು. ಬರಿಗೈಲಿ ಬರೋಕೆ ನಾಚಿಕೆ ಆಗಿ ಕೂಲಿ ಮಾಡ್ಕೊಂಡಿದ್ದೆ. ಕೊನೆಗೆ ಊರಿಗೆ ಹೊರಟೆ, ದಾರೀಲಿ ಜ್ವರ ಬಂದು ಒಂದು ಮಂಟಪದಲ್ಲಿ ಬಿದ್ದೆ. ಕೈ ಮುಗಿಯೋರು ಬಂದ್ರು, ಹೋದ್ರು. ಮುಗಿಯದೋರೂ ಬಂದ್ರು, ಹೋದ್ರು. ಒಬ್ಬ ಕುಂಟು ಬಳೆಗಾರ ಬಂದ. ನಿನ್ನ ಊರ್ಯಾವುದು ಅಂತ ಕೇಳಲಿಲ್ಲ, ದೇವ್ರ್ಯಾವುದು ಅಂತ ಕೇಳಲಿಲ್ಲ. ನನ್ನ ಒಬ್ಬ ತಾಯಿ ಎತ್ತಿದ್ಲು, ಈಗ ಎತ್ತೋ ಸರದಿ ನಂದು ಅಂದ."

ಪುಟ್ಟೀರಮ್ಮ ಕೈಯಲ್ಲಿದ್ದ ಮೂರು ಬಳೆ ನೋಡ್ಕೊಂಡು ಅಂಗಳದಲ್ಲೇ ಕುಸಿದು ಕೂತು, ನಗ್ತಾ ಅತ್ಲು, ಅಳ್ತಾ ನಕ್ಲು.

"ಗುಡ್ಡದವ್ವನ ಮಹಿಮೆ ಕಣ್ರೇ!" ಅಂತ ಹಾಲಮ್ಮ ಕೈ ಮುಗಿದ್ಲು.

"ಅವ್ವ ಎಲ್ಲಿ ಬಂದ್ಲು? ಎತ್ತಿದ್ದು ಬಳೆಗಾರನ ಎರಡು ಕೈ!" ಅಂದ ಕಾಟಯ್ಯ.

ಶುರುವಾಯ್ತು ಜಗಳ! ಪುಟ್ಟೀರಮ್ಮ ಕಣ್ಣೊರೆಸ್ಕೊಂಡು ಎದ್ದಳು.

"ಅಕ್ಕ, ಕೂಗು ಕೇಳಿ ನೀನೂ ಹೊರಟಿದ್ದೆ. ಮಾವ, ಕೇಳಿಯೂ ನೀನು ಸುಮ್ಮನಿದ್ದೆ. ನಾನೂ ಮೂರು ಹೆಜ್ಜೆ ಮುಂದೆ ಹೋಗಿದ್ದೆ. ಜಗಳ ಆಮೇಲೆ ಆಡಿ. ಬರೋ ವರ್ಷ ಯಾರೂ ಬಟ್ಟೆ ಸಿಂಬಿ ಹೊರೋದು ಬೇಡ. ಬಾವಿ ಹಗ್ಗ ಸುತ್ತಿ ಸಿಂಬಿ ಮಾಡಿ!"

ಅದಕ್ಕೇ ಇವತ್ತಿಗೂ ಆ ಗುಡ್ಡ ಹತ್ತೋರ ತಲೆ ಮೇಲೆ ಹಗ್ಗದ ಸಿಂಬಿ. ಮಾರನೇ ವರ್ಷ ಆ ಸಾಲಿನ ಕೊನೇಲಿ ಯಾರು ಬರ್ತಿದ್ರು ಗೊತ್ತಾ? ಕಾಟಯ್ಯ! ತಲೆ ಮೇಲೆ ದಪ್ಪ ಹಗ್ಗದ ಸಿಂಬಿ, ಕೊಡ ಮಾತ್ರ ಇಲ್ಲ.

"ಕೊಡ ಎಲ್ಲಿ ಮಾವ?" ಅಂದ್ಲು ಪುಟ್ಟೀರಮ್ಮ.

"ನಂಗೆ ದೇವ್ರಲ್ಲಿ ನಂಬಿಕೆ ಇಲ್ಲಮ್ಮ" ಅಂದ. "ಬಾವೀಲಿ ನಂಬಿಕೆ ಐತೆ, ಅದಕ್ಕೇ ಹಗ್ಗ!"

ಕತೆ ಗುಡ್ಡ ಹತ್ತಿತು, ನಾನು ಕೆಳಗಿಳಿದೆ. ಹೂಂ ಅಂದೋರ ಕೊಡ ತುಂಬಿರಲಿ, ನಿದ್ದೆ ಮಾಡಿದೋರ ಕೊಡವೂ ತುಂಬಿರಲಿ. ಏಳಿ ಇನ್ನು, ಕತೆ ಹೇಳಿದ ಬಾಯಿಗೆ ಒಂದು ಲೋಟ ನೀರು ಕೊಡಿ!